ಕ್ಯುವೇ: ತೊಟ್ಟಿಯ ಲೆಕ್ಕ, ದರ್ಜೆಯ ಮುದ್ರೆಯಲ್ಲ

ವೈನ್ ಲೇಬಲ್ಲಿನಲ್ಲಿ ‘ಕ್ಯುವೇ’ ಎಂದು ಕಂಡರೆ ಸಾಕು, ಅದನ್ನು ಮೇಲ್ದರ್ಜೆಯ ಗುರುತು ಎಂದು ವಿವರಿಸುವವರೇ ಹೆಚ್ಚು. ‘ಇದು ಮಾಮೂಲಿ ಶಾಂಪೇನ್ ಅಲ್ಲ, ಕ್ಯುವೇ’ ಎಂಬಂಥ ಮಾತು ಇಂಗ್ಲಿಷ್ ಜಾಹೀರಾತುಗಳಿಂದ ಹೊರಟು ಹೋಟೆಲುಗಳ ಮೆನು ತನಕ ಬಂದಿದೆ. ಆ ವಾಕ್ಯಕ್ಕೆ ಅರ್ಥವೇ ಇಲ್ಲ. ಮಾಮೂಲಿ ಶಾಂಪೇನ್ ಕೂಡ ಒಂದು ಕ್ಯುವೇಯೇ.

ಫ್ರೆಂಚಿನ ‘ಕ್ಯುವ್’ ಎಂದರೆ ತೊಟ್ಟಿ. ವೈನಿನ ತೊಟ್ಟಿಯೇ ಆಗಬೇಕೆಂದಿಲ್ಲ. ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಎಣ್ಣೆಯ ಟ್ಯಾಂಕಿಗೂ ಅಲ್ಲಿ ಇದೇ ಹೆಸರು. ಇದರ ಕೊನೆಗೆ ‘ಏ’ ಸೇರಿದರೆ ‘ಅಷ್ಟು ತುಂಬುವ ಪ್ರಮಾಣ’ ಎಂಬ ಅರ್ಥ ಬರುತ್ತದೆ. ಬಾಯಿಗೆ ‘ಬುಶ್’, ಒಂದು ತುತ್ತಿಗೆ ‘ಬುಶೇ’. ತೋಳಿಗೆ ‘ಬ್ರಾ’, ಒಂದು ತೆಕ್ಕೆಗೆ ‘ಬ್ರಾಸೇ’. ಮುಷ್ಟಿಗೆ ‘ಪ್ವಾಂ’, ಒಂದು ಹಿಡಿಗೆ ‘ಪ್ವಾನ್ಯೇ’. ಇದೇ ಸಾಲಿನಲ್ಲಿ ಕ್ಯುವೇ ಎಂದರೆ ಒಂದು ತೊಟ್ಟಿಯಷ್ಟು. ನಾವು ಒಂದು ಕೊಡ ನೀರು, ಒಂದು ಬೊಗಸೆ ಅಕ್ಕಿ ಎನ್ನುವಾಗ ನೀರು ಸಿಹಿಯೋ ಸವಳೋ, ಅಕ್ಕಿ ಸಣ್ಣದೋ ದಪ್ಪದೋ ಹೇಳಿದಂತಾಗುವುದಿಲ್ಲವಲ್ಲ, ಹಾಗೆಯೇ ಇದು. ಮೂಲ ಲ್ಯಾಟಿನ್ನಿನ ‘ಕೂಪಾ’, ಅಂದರೆ ಮರದ ಪೀಪಾಯಿ. ಪೀಪಾಯಿ ಕಟ್ಟುವವನಿಗೆ ಇಂಗ್ಲಿಷಿನಲ್ಲಿರುವ ‘ಕೂಪರ್’ ಎಂಬ ಹೆಸರೂ ಅಲ್ಲಿಂದಲೇ ಬಂದದ್ದು. ಬಾವಿ, ಗುಂಡಿ ಎಂಬರ್ಥದ ಸಂಸ್ಕೃತದ ‘ಕೂಪ’ವನ್ನೂ ಭಾಷಾವಿಜ್ಞಾನಿಗಳು ಇದರ ಪಕ್ಕದಲ್ಲಿಟ್ಟು ನೋಡುತ್ತಾರೆ. ಅಮಲು ಇಳಿಯುವ ತನಕ ಮಲಗುವುದಕ್ಕೆ ಫ್ರೆಂಚರು ‘ತನ್ನ ವೈನನ್ನು ತೊಟ್ಟಿಯಲ್ಲಿ ಹುದುಗಲು ಬಿಡುವುದು’ ಎನ್ನುತ್ತಾರೆ. ಆ ಕ್ರಿಯಾಪದವೂ ಉಚ್ಚಾರದಲ್ಲಿ ‘ಕ್ಯುವೇ’ಯೇ. ಇಷ್ಟು ಮನೆಬಳಕೆಯ ಪದಕ್ಕೆ ಇಂಗ್ಲಿಷಿನಲ್ಲಿ ಕಿರೀಟ ತೊಡಿಸಲಾಗಿದೆ.

ಗುಣಕ್ಕೆ ಸಂಬಂಧಿಸಿದ ನಿಖರ ಅರ್ಥ ಇರುವುದು ಒಂದೇ ಕಡೆ, ಶಾಂಪೇನ್ ಪ್ರಾಂತ್ಯದ ದ್ರಾಕ್ಷಿ ಹಿಂಡುವ ಮನೆಗಳಲ್ಲಿ. ಅಲ್ಲಿ ಒಂದು ಸಲ ಹಿಂಡುವುದಕ್ಕೆ 4,000 ಕಿಲೋ ದ್ರಾಕ್ಷಿ ಎಂಬುದು ಲೆಕ್ಕದ ಅಳತೆ. ಕೈಯಲ್ಲೇ ಕೊಯ್ದ ಗೊಂಚಲುಗಳನ್ನು ತೊಟ್ಟು ಬಿಡಿಸದೆ ಇಡಿಯಾಗಿ ಹಾಕುತ್ತಾರೆ. ಅದರಿಂದ ತೆಗೆಯಬಹುದಾದದ್ದು 2,550 ಲೀಟರ್ ರಸ ಮಾತ್ರ. ಮೊದಲ 2,050 ಲೀಟರ್ ‘ಕ್ಯುವೇ’, ಆಮೇಲಿನ 500 ಲೀಟರ್ ‘ತಾಯ್’. ತಾಯ್ ಎಂದರೆ ಕತ್ತರಿಸುವುದು: ಒತ್ತಿ ಗಟ್ಟಿಯಾದ ಹಿಪ್ಪೆಯ ಅಂಚನ್ನು ಸಲಿಕೆಯಿಂದ ಕಡಿದು ನಡುವಿಗೆ ಎಳೆದು ಮತ್ತೆ ಹಿಂಡುತ್ತಿದ್ದರಿಂದ ಆ ಹೆಸರು. 1992ಕ್ಕೆ ಮುಂಚೆ 2,666 ಲೀಟರ್ ತನಕ ಹಿಂಡಲು ಅವಕಾಶವಿತ್ತು, ಆ ಕೊನೆಯ ಪಾಲನ್ನು ಕೈಬಿಡಲಾಯಿತು.

ಎರಡನ್ನೂ ಬೇರೆಬೇರೆ ತೊಟ್ಟಿಗೆ ಇಳಿಸಲು ಕಾರಣವಿದೆ. ಹಣ್ಣಿನ ಸಿಪ್ಪೆಗೂ ಬೀಜಕ್ಕೂ ನಡುವಿನ ತಿರುಳು ಮೊದಲು ರಸ ಬಿಡುತ್ತದೆ, ಹುಳಿ ಹೆಚ್ಚಿರುವುದು ಅಲ್ಲಿಯೇ. ಒತ್ತಡ ಏರಿದಂತೆ ಸಿಪ್ಪೆಯ ಪೊಟ್ಯಾಸಿಯಂ ರಸಕ್ಕಿಳಿದು ಹುಳಿಯನ್ನು ಕುಗ್ಗಿಸುತ್ತದೆ, ಒಗರೂ ಬಣ್ಣವೂ ಜೊತೆಗೆ ಬರುತ್ತವೆ. ಪಿನೋ ನ್ವಾರ್, ಮನಿಯೇ ಎಂಬ ತಳಿಗಳು ಕಪ್ಪು ದ್ರಾಕ್ಷಿಗಳು; ಅವಸರದಲ್ಲಿ ಜೋರಾಗಿ ಒತ್ತಿದರೆ ಬಿಳಿ ವೈನ್ ಆಗಬೇಕಾದ ರಸ ಕೆಂಪು ತಿರುಗುತ್ತದೆ. ಸಕ್ಕರೆಯಲ್ಲಿ ಎರಡಕ್ಕೂ ಹೇಳುವಂಥ ವ್ಯತ್ಯಾಸವಿಲ್ಲ. ಹುಳಿ ಕಡಿಮೆಯಾದ್ದರಿಂದ ತಾಯ್ ಬೇಗ ಮಾಗಿ ಬೇಗ ಮುಗಿಯುತ್ತದೆ; ಆದರೆ ಎಳೆಯದಿರುವಾಗ ಹಣ್ಣಿನ ಘಮ ಚೆನ್ನಾಗಿರುತ್ತದೆ. ಹಾಗಾಗಿ ಬೇಗ ಕುಡಿಯುವ ವೈನಿಗೆ ಅದನ್ನು ಬೆರೆಸುವುದು ಮೋಸವೇನಲ್ಲ.

ಇನ್ನೊಂದು ತಪ್ಪು, ಕ್ಯುವೇ ಎಂದರೆ ಮಿಶ್ರಣ ಎನ್ನುವುದು. ಜರ್ಮನ್ ಮಾತಾಡುವವರಲ್ಲಿ ಆ ಅರ್ಥ ನಿಜಕ್ಕೂ ರೂಢಿಯಲ್ಲಿದೆ, ಫ್ರೆಂಚಿನಲ್ಲಿ ಅದು ಪದದ ಅರ್ಥವಲ್ಲ. ಬೆರೆಸುವ ಕೆಲಸಕ್ಕೆ ‘ಅಸಾಂಬ್ಲಾಜ್’ ಎಂಬ ಬೇರೆ ಪದವಿದೆ. ಬೆರೆಸಿದ ಮೇಲೆ ಸಿಕ್ಕಿದ್ದು ಕ್ಯುವೇ, ಬೆರೆಸದೆ ಸಿಕ್ಕಿದ್ದೂ ಕ್ಯುವೇ. ಶಾಂಪೇನ್ ತಯಾರಿಸುವ ಕ್ರುಗ್ ಕಂಪನಿಯ ‘ಕ್ಲೋ ದ್ಯು ಮೆನಿಲ್’ 1.84 ಹೆಕ್ಟೇರಿನ ಒಂದೇ ತೋಟದ, ಶಾರ್ದೊನೇ ಎಂಬ ಒಂದೇ ತಳಿಯ, ಒಂದೇ ವರ್ಷದ ವೈನ್. ಅದೂ ಕ್ಯುವೇಯೇ. ಎದುರು ತುದಿಗೆ ಫ್ರಾನ್ಸಿನ ಬರ್ಗಂಡಿ ಪ್ರಾಂತ್ಯದ ಬೋನ್ ಪಟ್ಟಣದ ಧರ್ಮಾಸ್ಪತ್ರೆಯನ್ನು ನೋಡಿ. 1859ರಿಂದ ನಡೆದುಬಂದ ಅದರ ತೋಟಗಳ ವೈನಿನ ಹರಾಜಿನಲ್ಲಿ 228 ಲೀಟರಿನ ಪೀಪಾಯಿಗಳು ದಾನಿಗಳ ಹೆಸರಿನ ಕ್ಯುವೇಗಳಾಗಿ ಮಾರಾಟವಾಗುತ್ತವೆ. 1443ರಲ್ಲಿ ಆಸ್ಪತ್ರೆ ಸ್ಥಾಪಿಸಿದ ನಿಕೋಲಾ ರೋಲಾಂ ಹೆಸರಿನ ಕ್ಯುವೇಗೆ ಬೋನ್‌ನ ಹಲವು ತೋಟಗಳ ಪಿನೋ ನ್ವಾರ್ ಸೇರುತ್ತದೆ. ಇಲ್ಲಿ ಆ ಪದ ಹೇಳುತ್ತಿರುವುದು ‘ಈ ಪಾಲು, ಆ ಪಾಲಲ್ಲ’ ಎಂದಷ್ಟೇ.

‘ಕ್ರ್ಯು’ ಜೊತೆಗೂ ಇದನ್ನು ಕಲಸಬಾರದು. ಕ್ರ್ಯು ನೆಲದ ಮಾತು, ಅಂದರೆ ದ್ರಾಕ್ಷಿ ಬೆಳೆದ ತೋಟ ಅಥವಾ ಊರಿನದು; ‘ಪ್ರೆಮಿಯೇ ಕ್ರ್ಯು’, ಅಂದರೆ ಮೊದಲ ಕ್ರ್ಯು, ಎನ್ನಲು ಕಾನೂನಿನ ಒಪ್ಪಿಗೆ ಬೇಕು. ‘ಕ್ಯುವೇ ಸ್ಪೆಸಿಯಾಲ್’ ಎಂದು ಅಚ್ಚು ಹಾಕಿಸಲು ಅಂಥ ಪರೀಕ್ಷೆಯಿಲ್ಲ. ಯುರೋಪಿನ ಒಕ್ಕೂಟದ ನಿಯಮದಲ್ಲೂ ಕ್ಯುವೇ ಎಂದರೆ ನೊರೆವೈನ್ ತಯಾರಿಗೆ ಮೀಸಲಾದ ರಸ, ವೈನ್ ಅಥವಾ ಅವುಗಳ ಮಿಶ್ರಣ. ಗುಣದ ಪ್ರಸ್ತಾಪವೇ ಇಲ್ಲ. ‘ತೆತ್ ದ ಕ್ಯುವೇ’, ಅಂದರೆ ಕ್ಯುವೇಗಳ ಪೈಕಿ ತಲೆಯಾದದ್ದು, ಎಂದರೆ ಕಂಪನಿ ತನ್ನ ಅತ್ಯುತ್ತಮ ಎಂದು ಆರಿಸಿದ್ದು. ಅಲ್ಲಿ ಹೊಗಳಿಕೆ ಇರುವುದು ‘ತೆತ್’ನಲ್ಲಿ.

ಲೇಬಲ್ ಓದುವಾಗ ಈ ಪದವನ್ನು ದಾಟಿ ಊರು, ತೋಟ, ವರ್ಷ, ಬಾಟಲಿ ತುಂಬಿದವರ ಹೆಸರು ನೋಡಿ. ಕ್ಯುವೇ ಪದದ ಮೊದಲ ಸ್ವರದ ಉಚ್ಚಾರಕ್ಕೆ ತುಟಿಯನ್ನು ‘ಊ’ಗೆ ದುಂಡಗೆ ಮಾಡಿ ‘ಈ’ ಎನ್ನಬೇಕು. ಕನ್ನಡ ಲಿಪಿಯಲ್ಲಿ ಹತ್ತಿರದ್ದು ಕ್ಯುವೇ. ‘ಕ್ಯೂವೀ’ ತಪ್ಪು.