ಕಳೆದುಹೋದ ಫೀಡ್‌ಬ್ಯಾಕ್ ಫಾರಂಗಳನ್ನು ಮತ್ತೆ ಬರೆಸಬೇಡಿ

ನಮ್ಮ ವಿಭಾಗದ ಕೋಣೆಗೆ ಸುಣ್ಣಬಣ್ಣ ಮಾಡಿಸಿದ ವರ್ಷ, ಐದನೇ ಸೆಮಿಸ್ಟರ್ ಬಿ.ಕಾಂ. ಮಕ್ಕಳು ನನ್ನ ಆದಾಯ ತೆರಿಗೆ ಪತ್ರಿಕೆಯ ಪಾಠದ ಬಗ್ಗೆ ತುಂಬಿಕೊಟ್ಟಿದ್ದ 58 ಫೀಡ್‌ಬ್ಯಾಕ್ ಫಾರಂಗಳ ಕಟ್ಟು ಕಾಣೆಯಾಯಿತು. ಬೀರುವಿನ ಮೇಲಿದ್ದ ಹಳೆಯ ಟೆಸ್ಟ್ ಪೇಪರುಗಳ ಜೊತೆ ಅದೂ ರದ್ದಿಗೆ ಹೋಗಿರಬೇಕು. ನಾನದನ್ನು ಗಮನಿಸಿದ್ದು ನಾಲ್ಕು ತಿಂಗಳ ಮೇಲೆ, ಕಾಲೇಜುಗಳ ಗುಣಮಟ್ಟ ಅಳೆದು ಮಾನ್ಯತೆ ಕೊಡುವ ನ್ಯಾಕ್ ಸಂಸ್ಥೆಗೆ ಕಳಿಸುವ ವಾರ್ಷಿಕ ವರದಿಗೆ ದಾಖಲೆ ಜೋಡಿಸುವಾಗ. "ಯಾಕೆ ಇಷ್ಟು ಯೋಚನೆ ಮಾಡ್ತೀರಾ ಮೇಡಂ? ಮಕ್ಕಳು ಇಲ್ಲೇ ಆರನೇ ಸೆಮ್‌ನಲ್ಲಿ ಇದ್ದಾರಲ್ಲ, ಹಳೇ ತಾರೀಖು ಹಾಕಿ ಒಂದು ಪೀರಿಯಡ್‌ನಲ್ಲಿ ಬರೆಸಿಬಿಡಿ" ಎಂದರು ಹಿರಿಯ ಸಹೋದ್ಯೋಗಿಯೊಬ್ಬರು. ನನಗೆ ಸಹಾಯವಾಗಲಿ ಎಂದೇ ಹೇಳಿದ್ದರು. ನಾನು ಬರೆಸಲಿಲ್ಲ. ಈಗ ಕಿರಿಯ ಉಪನ್ಯಾಸಕರು ಇದೇ ಕಷ್ಟ ಹೊತ್ತು ಬಂದಾಗಲೂ ಬರೆಸಬೇಡಿ ಎಂದೇ ಹೇಳುತ್ತೇನೆ.

ಮೊದಲು ಹುಡುಕಿ, ಆದರೆ ತಡಮಾಡಬೇಡಿ. ಕಾಗದವಾದರೆ ಆಫೀಸಿನ ಇನ್‌ವರ್ಡ್ ಪುಸ್ತಕ, ಐಕ್ಯೂಎಸಿ (ಕಾಲೇಜಿನ ಆಂತರಿಕ ಗುಣಮಟ್ಟ ಘಟಕ) ಕೋಣೆ, ಪರೀಕ್ಷಾ ವಿಭಾಗದ ಬೀರು, ಇಷ್ಟು ನೋಡಿ. ಕಟ್ಟು ಹೊತ್ತೊಯ್ದ ಅಟೆಂಡರನ್ನು ಗದರಿಸದೆ ಕೇಳಿ. ಗೂಗಲ್ ಫಾರಂ ಆಗಿದ್ದರೆ ಆಸೆ ಹೆಚ್ಚು. ಫಾರಂನೊಳಗೆ ಉತ್ತರಗಳನ್ನು ಅಳಿಸಿದ್ದರೂ, ಮೊದಲೇ ಜೋಡಿಸಿದ್ದ ಶೀಟ್‌ನಲ್ಲಿ ಅವು ಉಳಿದಿರುತ್ತವೆ. ಕಡತವನ್ನೇ ಅಳಿಸಿದ್ದರೆ ಡ್ರೈವ್‌ನ ಟ್ರ್ಯಾಶ್‌ನಲ್ಲಿ 30 ದಿನ ಇರುತ್ತದೆ. ಕಾಲೇಜಿನದೇ ಗೂಗಲ್ ವರ್ಕ್‌ಸ್ಪೇಸ್ ಖಾತೆಯಾದರೆ, ಟ್ರ್ಯಾಶ್ ಖಾಲಿಯಾದ ಮೇಲೂ 25 ದಿನದೊಳಗೆ ಅಡ್ಮಿನ್ ಅದನ್ನು ವಾಪಸ್ ತರಬಲ್ಲರು. ಬಹಳ ಕಡೆ ಫಾರಂ ಇರುವುದು ಅತಿಥಿ ಉಪನ್ಯಾಸಕರೊಬ್ಬರ ಸ್ವಂತ ಜಿಮೇಲ್‌ನಲ್ಲಿ. ಅವರು ಬೇರೆ ಕಾಲೇಜಿಗೆ ಹೋದರೆ ಫಾರಂ ಅವರ ಜೊತೆಗೇ ಹೋಗುತ್ತದೆ. ಒಂದು ಫೋನ್ ಮಾಡಿದರೆ ಸಿಗುವ ದಾಖಲೆಗಾಗಿ ವಾರಗಟ್ಟಲೆ ಒದ್ದಾಡಿದವರನ್ನು ನೋಡಿದ್ದೇನೆ.

ಸಿಗಲಿಲ್ಲವೆಂದರೆ ಅದೇ ದಿನ ವಿಭಾಗದ ಮುಖ್ಯಸ್ಥರಿಗೆ ಮತ್ತು ಐಕ್ಯೂಎಸಿ ಸಂಯೋಜಕರಿಗೆ ಬರವಣಿಗೆಯಲ್ಲಿ ತಿಳಿಸಿ. ಅರ್ಧ ಪುಟ ಸಾಕು: ಯಾವ ತರಗತಿ, ಯಾವ ಪತ್ರಿಕೆ, ಎಷ್ಟು ಫಾರಂ, ಯಾವ ದಿನ ತುಂಬಿಸಿದ್ದು, ಕೊನೆಗೆ ಎಲ್ಲಿ ಇಟ್ಟಿದ್ದು, ಎಲ್ಲೆಲ್ಲಿ ಹುಡುಕಿದ್ದು, ಈಗ ಏನು ಉಳಿದಿದೆ. ತಪ್ಪು ಯಾರದೆಂದು ಅಲ್ಲಿ ಬರೆಯುವುದು ಬೇಡ. ಫಾರಂಗಳಲ್ಲಿ ಓದಿದ್ದು ನೆನಪಿದ್ದರೆ 'ನೆನಪಿನಿಂದ ಬರೆದದ್ದು' ಎಂದು ತಲೆಬರಹ ಕೊಟ್ಟು, ಬರೆಯುವ ದಿನದ ತಾರೀಖನ್ನೇ ಹಾಕಿ ಬೇರೆ ಹಾಳೆಯಲ್ಲಿ ಬರೆದಿಡಿ. ಆ ಕಟ್ಟನ್ನು ನಾನು ಒಮ್ಮೆ ತಿರುವಿ ಹಾಕಿದ್ದೆ. ಎರಡೇ ಮಾತು ತಲೆಯಲ್ಲಿ ಉಳಿದಿದ್ದವು: ಬಂಡವಾಳ ಲಾಭದ ಅಧ್ಯಾಯ ಓಡಿಸಿದಿರಿ, ಬೋರ್ಡ್ ಬೇಗ ಒರೆಸುತ್ತೀರಿ.

ಇನ್ನು ಮತ್ತೆ ಬರೆಸುವ ವಿಚಾರ. ನಾಲ್ಕು ತಿಂಗಳಲ್ಲಿ ಫಲಿತಾಂಶ ಬಂದಿರುತ್ತದೆ. ಆಗ ಪಾಸಾದವರ ಕಣ್ಣಲ್ಲಿ ಮೇಡಂ ಒಳ್ಳೆಯವರು. ಬ್ಯಾಕ್ ಉಳಿದವರ ಕಣ್ಣಲ್ಲಿ ಪಾಠವೇ ಸರಿಯಿರಲಿಲ್ಲ. ಕಷ್ಟಪಟ್ಟು ಧೈರ್ಯ ಮಾಡಿ ದೂರು ಬರೆದಿದ್ದ ಹುಡುಗಿ ಎರಡನೇ ಸಲ ಬರೆಯುವುದಿಲ್ಲ, ಅದೂ ಮೊದಲ ಹಾಳೆ ಎಲ್ಲಿ ಹೋಯಿತು, ಯಾರ ಕೈ ಸೇರಿತು ಎಂದು ಗೊತ್ತಿಲ್ಲದಿರುವಾಗ. ಹೆಸರಿಲ್ಲದಿದ್ದರೂ ಕೈಬರಹ ಗುರುತು ಸಿಗುತ್ತದೆ ಎಂಬುದು ಮಕ್ಕಳಿಗೆ ಚೆನ್ನಾಗಿ ಗೊತ್ತು. ಮೇಲಾಗಿ ಹಳೇ ತಾರೀಖು! ವೋಚರ್ ಇಲ್ಲದೆ ಎಂಟ್ರಿ ಹಾಕಬಾರದು ಎಂದು ಅದೇ ತರಗತಿಗೆ ಅಕೌಂಟ್ಸ್ ಕಲಿಸುವವಳು ನಾನು. ಅವರ ಕೈಯಿಂದಲೇ ಸುಳ್ಳು ದಾಖಲೆ ಬರೆಸಿದರೆ ಮಾರನೇ ದಿನ ಯಾವ ಮುಖ ಹೊತ್ತು ಪಾಠ ಮಾಡಲಿ?

ಬಡ್ತಿಗೆ, ನ್ಯಾಕ್‌ಗೆ ತೊಂದರೆಯಾದೀತೆಂಬ ಭಯದಿಂದಲೇ ಹೀಗೆ ಮತ್ತೆ ಬರೆಸುವವರು ಹೆಚ್ಚು, ಆದ್ದರಿಂದ ಇದನ್ನೂ ಹೇಳಬೇಕು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯ ಬಡ್ತಿ ಕೋಷ್ಟಕದಲ್ಲಿ ಬೋಧನೆಯನ್ನು ಅಳೆಯುವುದು, ವಹಿಸಿದ ತರಗತಿಗಳಲ್ಲಿ ಎಷ್ಟು ತೆಗೆದುಕೊಂಡಿರಿ ಎಂಬುದರಿಂದ: ಶೇ. 80 ಮತ್ತು ಮೇಲಿದ್ದರೆ ಉತ್ತಮ, 70ರಿಂದ 80ರೊಳಗಿದ್ದರೆ ತೃಪ್ತಿಕರ. ನ್ಯಾಕ್‌ನ ಏಳು ಮಾನದಂಡಗಳ ಚೌಕಟ್ಟಿನಲ್ಲಿ ವಿದ್ಯಾರ್ಥಿ ತೃಪ್ತಿ ಸಮೀಕ್ಷೆ ಕಾಲೇಜು ಕೊಟ್ಟ ಪಟ್ಟಿಯ ಮೇಲೆ ಮಕ್ಕಳಿಗೆ ನೇರವಾಗಿ ಇಮೇಲ್‌ನಲ್ಲಿ ಹೋಗುತ್ತದೆ. ನಿಮ್ಮ ಕಟ್ಟು ಕಳೆದದ್ದಕ್ಕೂ ಅದಕ್ಕೂ ಸಂಬಂಧವಿಲ್ಲ. ಕಾಲೇಜೇ ಸಂಗ್ರಹಿಸುವ ಫೀಡ್‌ಬ್ಯಾಕ್ ವಿಷಯದಲ್ಲಿ ನ್ಯಾಕ್ ಕೇಳುವುದು ಸಂಗ್ರಹ, ವಿಶ್ಲೇಷಣೆ, ಕೈಗೊಂಡ ಕ್ರಮ ಮೂರನ್ನೂ. ಫೀಡ್‌ಬ್ಯಾಕ್‌ನಲ್ಲಿ ಮಕ್ಕಳು ಕೊಟ್ಟ ಸರಾಸರಿ ಅಂಕವನ್ನೇ ದೊಡ್ಡದು ಮಾಡುವವರು ಕೆನಡಾದ ಒಂದು ತೀರ್ಪನ್ನು ನೋಡಬೇಕು: ಟೊರೊಂಟೊದ ಅಂದಿನ ರೈಯರ್ಸನ್ ವಿಶ್ವವಿದ್ಯಾಲಯದ ಅಧ್ಯಾಪಕರ ವ್ಯಾಜ್ಯದಲ್ಲಿ, ಬಡ್ತಿಗಾಗಿ ಬೋಧನೆಯ ಪರಿಣಾಮ ಅಳೆಯಲು ಈ ಅಂಕಗಳನ್ನು ಬಳಸಕೂಡದೆಂದು 2018ರಲ್ಲಿ ಮಧ್ಯಸ್ಥಗಾರರು ಹೇಳಿದರು. ಅತಿಥಿ ಉಪನ್ಯಾಸಕರ ಅಳುಕು ಬೇರೆ, ಮುಂದಿನ ವರ್ಷದ ತರಗತಿಯೇ ಅವರಿಗೆ ಖಾತ್ರಿಯಿರುವುದಿಲ್ಲ. ಅವರು ಫಾರಂ ಕಳೆದದ್ದನ್ನು ತಿಳಿಸುವ ಆ ಅರ್ಧ ಪುಟದ ಪತ್ರಕ್ಕೆ ಸ್ವೀಕೃತಿ ಸಹಿ ಹಾಕಿಸಿ ಒಂದು ಪ್ರತಿ ತಮ್ಮ ಬಳಿ ಇಟ್ಟುಕೊಳ್ಳಲೇಬೇಕು, ಹಾಜರಿ ಪುಸ್ತಕ ಮತ್ತು ಪಾಠದ ಡೈರಿಯ ಪ್ರತಿಗಳ ಜೊತೆ.

ಮಕ್ಕಳಿಗೂ ಹೇಳಬೇಕು. ಆರನೇ ಸೆಮಿಸ್ಟರ್ ತರಗತಿಗೆ ಹೋಗಿ, ನೀವು ಬರೆದುಕೊಟ್ಟದ್ದು ನನ್ನ ಸುಪರ್ದಿಯಲ್ಲಿದ್ದಾಗ ಕಳೆದುಹೋಯಿತು, ಕ್ಷಮಿಸಿ ಎಂದೆ. ಈಗಿನ ಪಾಠದ ಬಗ್ಗೆ ಏನಾದರೂ ಹೇಳುವುದಿದ್ದರೆ ಇವತ್ತಿನ ತಾರೀಖು ಹಾಕಿ ಚೀಟಿಯಲ್ಲಿ ಬರೆಯಿರಿ, ಬೇಡವೆಂದರೆ ಬೇಡ ಎಂದು ಹೇಳಿ ಹೊರಗೆ ಬಂದೆ. ಚೀಟಿ ಒಟ್ಟುಮಾಡಿದ್ದು ತರಗತಿ ಪ್ರತಿನಿಧಿ. 19 ಬಂದವು, ನಾಲ್ಕರಲ್ಲಿ ಮತ್ತೆ ಬೋರ್ಡಿನದೇ ಮಾತು. ಅಂದಿನಿಂದ ಬೋರ್ಡಿಗೆ ನಡುವೆ ಗೆರೆ ಎಳೆದು ಲೆಕ್ಕ ಮಾಡುತ್ತೇನೆ. ಎಡಭಾಗ ಒರೆಸುವ ಮುನ್ನ ಕೊನೆಯ ಬೆಂಚಿನವರನ್ನು ಕೇಳುತ್ತೇನೆ. ಆ ವರ್ಷದ 'ಕೈಗೊಂಡ ಕ್ರಮ' ಕಾಲಮ್ಮಿನಲ್ಲಿ ಫಾರಂ ಕಳೆದದ್ದನ್ನೂ ಬೋರ್ಡಿನ ಗೆರೆಯನ್ನೂ ಬರೆದೇ ಕಳಿಸಿದೆವು.