ಏಳನೇ ನರ ಕತ್ತರಿಸಿದರೆ ಮಿದುಳಿನ ನಕ್ಷೆ ಅಷ್ಟು ಬೇಗ ಬದಲಾಗುವುದು ಹೇಗೆ?

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ. ಫೇಶಿಯಲ್ ನರ ಅಂದರೆ ಏಳನೇ ಕ್ರೇನಿಯಲ್ ನರ, ಅಂದರೆ ಮಿದುಳಿನಿಂದ ನೇರವಾಗಿ ಹೊರಡುವ ನರಗಳಲ್ಲಿ ಏಳನೆಯದು. ಮುಖದ ಸ್ನಾಯುಗಳನ್ನು ಆಡಿಸುವುದು ಇದು. ಮುಖದ ನೋವನ್ನು ಮಿದುಳಿಗೆ ಮುಟ್ಟಿಸುವುದು ಐದನೆಯದು, ಟ್ರೈಜೆಮಿನಲ್. ಹಿಂದೆ ಸರ್ಜನ್‌ಗಳೂ ಇಲ್ಲಿ ಎಡವಿದ್ದರು. ಮುಖದ ನೋವಿಗೆಂದು ಏಳನೆಯದನ್ನು ಕತ್ತರಿಸಿದರೆ ನೋವು ಹಾಗೇ ಉಳಿಯುತ್ತಿತ್ತು, ಬಾಯಿ ಮಾತ್ರ ಸೊಟ್ಟಗಾಗುತ್ತಿತ್ತು. 1820ರ ದಶಕದಲ್ಲಿ ಬ್ರಿಟನ್ನಿನ ಸರ್ಜನ್ ಬೆಲ್ ಮತ್ತು ಫ್ರಾನ್ಸಿನ ಶರೀರಶಾಸ್ತ್ರಜ್ಞ ಮಜಾಂಡಿಯವರ ಕೆಲಸದಿಂದ ಎರಡೂ ನರಗಳ ಪಾತ್ರ ಬೇರೆ ಬೇರೆ ಎಂದು ತಿಳಿಯಿತು.

ಇಲಿಯ ಮೀಸೆಯನ್ನು ನೆನಪಿಟ್ಟುಕೊಳ್ಳಿ, ಎಲ್ಲ ಸುಲಭವಾಗುತ್ತದೆ. ಅದನ್ನು ಆಡಿಸುವುದು ಏಳನೇ ನರ, ಅದರ ಸ್ಪರ್ಶ ತಿಳಿಸುವುದು ಐದನೇ ನರ.

ಈಗ ನಾನು ಮೂರು ದಿನ ಒದ್ದಾಡಿದ ಜಾಗ. 1990ರಲ್ಲಿ ನರವಿಜ್ಞಾನಿ ಜಾನ್ ಡೊನಹ್ಯೂ ಅವರ ತಂಡ ಬೆಳೆದ ಇಲಿಗಳ ಏಳನೇ ನರ ಕತ್ತರಿಸಿತು. ಚಲನೆಯನ್ನು ನಡೆಸುವ ಮಿದುಳಿನ ಹೊರಪದರ ಮೋಟಾರ್ ಕಾರ್ಟೆಕ್ಸ್; ಅದರಲ್ಲಿ ದೇಹದ ಒಂದೊಂದು ಭಾಗಕ್ಕೆ ಒಂದೊಂದು ಜಾಗವಿದೆ, ಇದೇ ಮಿದುಳಿನ ನಕ್ಷೆ. ಅಲ್ಲಿ ಮೀಸೆಯ ಜಾಗಕ್ಕೆ ಕರೆಂಟ್ ಕೊಟ್ಟರೆ ಮೊದಲು ಮೀಸೆ ಆಡುತ್ತಿತ್ತು. ನರ ಕತ್ತರಿಸಿದ ಕೆಲವೇ ಗಂಟೆಗಳಲ್ಲಿ ಅದೇ ಜಾಗಕ್ಕೆ ಕರೆಂಟ್ ಕೊಟ್ಟರೆ ಮುಂಗಾಲು ಆಡಿತು!

ನರದ ತಂತು ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ಹಾಗಿದ್ದರೆ ಇಷ್ಟು ಬೇಗ ಹೊಸ ದಾರಿ ಹೇಗೆ ಬಂತು? ಉತ್ತರ: ಹೊಸ ದಾರಿ ಬರಲೇ ಇಲ್ಲ. ಕೆರೆಯ ತೂಬು ನೆನಪಿಸಿಕೊಳ್ಳಿ. ಕಾಲುವೆ ಮೊದಲೇ ತೋಡಿರುತ್ತದೆ, ತೂಬು ಮುಚ್ಚಿರುವುದರಿಂದ ನೀರು ಹರಿಯುವುದಿಲ್ಲ. ತೂಬು ಎತ್ತಿದ ತಕ್ಷಣ ಹರಿಯುತ್ತದೆ, ಯಾರೂ ಅಗೆಯಬೇಕಿಲ್ಲ. ಮೀಸೆಯ ಜಾಗದಿಂದ ಮುಂಗಾಲಿನ ಜಾಗಕ್ಕೆ ಅಡ್ಡ ತಂತುಗಳು ಮೊದಲಿನಿಂದಲೂ ಇವೆ. ಗಾಬಾ ಎಂಬ ರಾಸಾಯನಿಕ ಅವುಗಳ ಮಾತು ಕೇಳಿಸದಂತೆ ತಡೆದಿರುತ್ತದೆ. ಆ ತಡೆ ಸಡಿಲವಾದರೆ ಸಾಕು.

ಇದು ಸುಮ್ನೆ ಊಹೆ ಅಲ್ವಾ ಎಂದು ನನಗೂ ಅನಿಸಿತ್ತು. 1991ರ ಪ್ರಯೋಗ ನೋಡಿದ ಮೇಲೆ ಅನುಮಾನ ಹೋಯಿತು. ಜೇಕಬ್ಸ್ ಮತ್ತು ಡೊನಹ್ಯೂ ನರವನ್ನು ಮುಟ್ಟಲೇ ಇಲ್ಲ. ಗಾಬಾದ ಕೆಲಸವನ್ನು ತಡೆಯುವ ಬೈಕುಕುಲಿನ್ ಎಂಬ ರಾಸಾಯನಿಕವನ್ನು ಮುಂಗಾಲಿನ ಜಾಗಕ್ಕೆ ಹಾಕಿ, ಮೀಸೆಯ ಜಾಗಕ್ಕೆ ಕರೆಂಟ್ ಕೊಟ್ಟರು. ಮುಂಗಾಲು ಆಡಿತು. ನರ ಕತ್ತರಿಸದೆಯೇ ತೂಬು ಎತ್ತಿದಂತಾಯಿತು. ಇದನ್ನು ಎರಡು ಸಲ ಓದಿ, ಇಡೀ ಪಾಠ ಇದರಲ್ಲೇ ಇದೆ.

ಇನ್ನು ನೋವು. ಮುಖದ ನೋವಿನ ಸಂಕೇತ ಮಿದುಳುಕಾಂಡದ ಸ್ಪೈನಲ್ ಟ್ರೈಜೆಮಿನಲ್ ನ್ಯೂಕ್ಲಿಯಸ್ ಎಂಬ ನರಕೋಶಗಳ ಗುಂಪಿಗೆ ಹೋಗಿ, ಅಲ್ಲಿಂದ ಮಿದುಳಿನ ನಡುವಿನ ಥಲಾಮಸ್, ನಂತರ ಕಾರ್ಟೆಕ್ಸ್ ಸೇರುತ್ತದೆ. ಇನ್ಸುಲಾ, ಸಿಂಗ್ಯುಲೇಟ್ ಎಂಬ ಕಾರ್ಟೆಕ್ಸಿನ ಭಾಗಗಳಿಗೂ ಹೋಗುತ್ತದೆ. ನೋವು ಹಿಂಸೆ ಅನಿಸುವುದರಲ್ಲಿ ಈ ಎರಡರ ಪಾಲು ದೊಡ್ಡದು. ಐದನೇ ನರಕ್ಕೆ ಪೆಟ್ಟಾಗಿ ಸಂಕೇತ ಬಿಡದೆ ಬರುತ್ತಿದ್ದರೆ, ನ್ಯೂಕ್ಲಿಯಸ್ಸಿನ ಕೋಶಗಳ ಎನ್‌ಎಂಡಿಎ ರಿಸೆಪ್ಟರ್ ಎಂಬ ಸಂಕೇತದ ಬಾಗಿಲಿನಿಂದ ಮೆಗ್ನೀಸಿಯಂ ಬಿರಡೆ ಕಳಚಿ ಕ್ಯಾಲ್ಸಿಯಂ ಒಳನುಗ್ಗುತ್ತದೆ. ಕೋಶ ಜಾಸ್ತಿ ಸೂಕ್ಷ್ಮವಾಗುತ್ತದೆ. ಗಾಬಾದ ತಡೆಯೂ ಕುಗ್ಗುತ್ತದೆ. ಆಗ ಗಾಳಿ ಸೋಕಿದರೂ, ಹಲ್ಲುಜ್ಜಿದರೂ ನೋವು. ಇಲ್ಲೂ ಮತ್ತೆ ತೂಬೇ, ನೋಡಿ.

ಪರೀಕ್ಷೆಗೆ ಒಂದು ವ್ಯತ್ಯಾಸ ಗುರುತು ಮಾಡಿಕೊಳ್ಳಿ. ಇಲಿಯ ಐದನೇ ನರದ ಇನ್‌ಫ್ರಾಆರ್ಬಿಟಲ್ (ಕಣ್ಣಿನ ಕೆಳಗಿನ) ಕವಲಿಗೆ ಸಡಿಲವಾಗಿ ದಾರ ಕಟ್ಟಿದರೆ ಮೊದಲ ದಿನಗಳಲ್ಲಿ ಮೂತಿಯ ಆ ಭಾಗ ಮರಗಟ್ಟಿದಂತಿರುತ್ತದೆ. ಸುಮಾರು ಎರಡು ವಾರದ ಹೊತ್ತಿಗೆ ತೆಳು ಎಳೆ ತಾಗಿದರೂ ಇಲಿ ಬೆಚ್ಚಿ ಹಿಂದೆ ಸರಿಯುತ್ತದೆ. ಮೋಟಾರ್ ನಕ್ಷೆ ಬದಲಾಗಲು ಗಂಟೆಗಳು ಸಾಕು, ಈ ನೋವು ನೆಲೆಯೂರಲು ವಾರಗಳು ಬೇಕು.