ಧೈರ್ಯ ಹೇಳೋಕೆ ನಾನೇ ಬೇಕಾ?

"ನಮ್ಮವ್ವಂಗೆ ಸ್ವಲ್ಪ ಧೈರ್ಯ ಹೇಳಿ ಮೇಡಂ."

ಕ್ಯಾನ್ಸರ್ ವಾರ್ಡಿನ ಆಪ್ತಸಮಾಲೋಚಕಿಗೆ ದಿನಾ ಕೇಳುವ ಮಾತು ಇದು. ಅದರಲ್ಲಿ ಪ್ರೀತಿ ಇದೆ, ಒಪ್ಪುತ್ತೇನೆ. ಆದರೆ ಧೈರ್ಯ ಹೇಳುವವರು ಮನೆ ತುಂಬ ಇದ್ದಾರೆ. ತೊಂದರೆಯೇ ಅದು. "ಏನೂ ಆಗಲ್ಲ, ಅಳಬೇಡ, ಪಾಸಿಟಿವ್ ಆಗಿರು" ಅಂತ ಎಲ್ಲರೂ ಶುರು ಮಾಡಿದ ಮೇಲೆ ರೋಗಿ ಬಾಯಿಗೆ ಬೀಗ ಹಾಕಿಕೊಳ್ಳುತ್ತಾರೆ. ಭಯ ಒಳಗೇ ಇರುತ್ತದೆ.

ಅತ್ತರೆ ರೋಗ ಜಾಸ್ತಿಯಾಗುತ್ತೆ ಅನ್ನುವವರೂ ಇದ್ದಾರೆ. ತಲೆ-ಕುತ್ತಿಗೆ ಕ್ಯಾನ್ಸರಿನ 1,093 ರೋಗಿಗಳ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಅವರ ಮನಸ್ಸು ಹೇಗಿತ್ತು ಅನ್ನುವುದಕ್ಕೂ ಎಷ್ಟು ಕಾಲ ಬದುಕಿದರು ಅನ್ನುವುದಕ್ಕೂ ನಂಟು ಕಾಣಲಿಲ್ಲ. ಹಾಗಾದರೆ ಆಪ್ತಸಮಾಲೋಚನೆ ಯಾಕೆ? ನಿದ್ದೆ ಬರಲಿ, ಊಟ ಸೇರಲಿ, ಕೀಮೋ ಅರ್ಧಕ್ಕೆ ಬಿಡದಿರಲಿ ಅಂತ. ಗಡ್ಡೆ ಕರಗಿಸೋದು ನನ್ನ ಕೆಲಸ ಅಲ್ಲ.

ಹಾಸನದ ಕಡೆಯ ಒಬ್ಬರು ಮೂರನೇ ಕೀಮೋಗೆ ಬಂದಿದ್ದರು (ಗುರುತು ಬದಲಿಸಿದ್ದೇನೆ). ಸೊನ್ನೆಯಿಂದ ಹತ್ತರವರೆಗೆ ಗೆರೆಯಿರುವ ಥರ್ಮಾಮೀಟರ್ ಚಿತ್ರ ಕೊಟ್ಟು, ಸಂಕಟ ಎಷ್ಟಿದೆ ತೋರಿಸಿ ಅನ್ನುತ್ತೇವೆ. 4 ಅಥವಾ ಜಾಸ್ತಿ ಬಂದರೆ ಕೂತು ಮಾತಾಡಬೇಕು. "ಆರಾಮಾಗಿದೀನಿ ಕಣವ್ವ" ಅನ್ನುತ್ತಲೇ 8ರ ಮೇಲೆ ಬೆರಳಿಟ್ಟರು.

ಮಗನನ್ನು ಆಚೆ ಕಳಿಸಿ ಸುಮ್ನೆ ಕೂತೆ. ಸೆರಗಿನ ತುದಿಗೆ ಗಂಟು ಹಾಕಿದರು, ಬಿಚ್ಚಿದರು, ಮತ್ತೆ ಹಾಕಿದರು.

"ಮನೆಗೆ ಫೋನ್ ಮಾಡಿದ್ರೆ ಹಸುವಿನ ಗಂಟೆ ಸದ್ದೇ ಕೇಳಲ್ಲ. ಮಾರ್ಬುಟ್ಟವ್ರೆ. ನಂಗೆ ಹೇಳ್ತಿಲ್ಲ. ಕಾಯಿಲೆ ವಿಷ್ಯ ಇನ್ನೇನ್ ಮುಚ್ಚಿಟ್ಟವ್ರೋ."

ಆಕೆಗೆ ಬೇಕಿದ್ದದ್ದು ಧೈರ್ಯವಾ?

ಎಲ್ಲರಿಗೂ ಮಾತೊಂದೇ ಸಾಕು ಅಂತ ನಾನು ಹೇಳುತ್ತಿಲ್ಲ. ಕೀಮೋ ಜೊತೆ ಕೊಡುವ ಸ್ಟೀರಾಯ್ಡ್ ಕೂಡ ನಿದ್ದೆ ಕೆಡಿಸಬಹುದು, ಅದನ್ನು ವೈದ್ಯರೇ ನೋಡಬೇಕು. ದಯವಿಟ್ಟು ಅಂಗಡಿಯಿಂದ ನೀವೇ ನಿದ್ದೆ ಮಾತ್ರೆ ತಂದು ಕೊಡಬೇಡಿ. ಸಾಯುವ ಮಾತು ಬಂದರೆ ಮನೋವೈದ್ಯರ ಹತ್ತಿರ ಅವತ್ತೇ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ನಡುರಾತ್ರಿಯಲ್ಲೂ ಫೋನ್ ಮಾಡಬಹುದು.

ಅವರ ಒಪ್ಪಿಗೆ ಕೇಳಿಯೇ ಮಗನನ್ನು ಒಳಗೆ ಕರೆದೆ. ಹಸು ಮಾರಿದ್ದು ನಿಜ ಅಂದ. ಸ್ಕ್ಯಾನಿನಲ್ಲಿ ಏನಿತ್ತು ಅಂತಲೂ ಹೇಳಿದ. ಅವರು ಹೊತ್ತು ಹೋಗುವಷ್ಟು ಅತ್ತರು. ಆಮೇಲೆ ಕಣ್ಣೊರೆಸಿಕೊಂಡು, "ಎಷ್ಟಕ್ಕೆ ಕೊಟ್ಟೆ?" ಅಂದರು. ಬೆಲೆ ಕೇಳಿ ನನ್ನೆದುರೇ ಮಗನಿಗೆ ಚೆನ್ನಾಗಿ ಬೈದರು.

ಮುಂದಿನ ಕೀಮೋಗೆ ಬಂದಾಗ ಬೆರಳು 5ರ ಮೇಲಿತ್ತು.